ಹಣೆಯ ಕುಂಕುಮ ಎಲ್ಲಿ ಹೋಯಿತು? – ಕಪ್ಪು ಬಿಳುಪು ಫೋಟೋ ಪ್ರಶ್ನೋತ್ತರ

ಡಿಜಿಟಲ್ ಫೋಟೋಗಳನ್ನು ಕಪ್ಪು ಬಿಳುಪು ಮಾಡುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ: 'ಬಣ್ಣ ತೆಗೆದೆ, ಚೆನ್ನಾಗಿ ಬರಲಿಲ್ಲ, ಯಾಕೆ?' ಹಾಗಾಗಿ ಮೊದಲು ಅದಕ್ಕೇ ಉತ್ತರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕನ ಮದುವೆಯ ಫೋಟೋಗಳನ್ನು ಕಪ್ಪು ಬಿಳುಪು ಮಾಡೋಣ ಎಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗೆ ಎಳೆದೆ. ಹಸಿರು ಸೀರೆ, ಕೆಂಪು ಅಂಚು ಎರಡೂ ಕಲಸಿಹೋಗಿ ಅಂಚೇ ಇಲ್ಲದ ಸೀರೆ ಉಟ್ಟ ಹಾಗಿದೆ. ಒಟ್ಟಾರೆ ಫೋಟೋಗೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಕ್ಯಾಮೆರಾ ಸರಿ ಇಲ್ವಾ ಸರ್? (ಬಾಗಲಕೋಟೆ)

ಕ್ಯಾಮೆರಾ ಸರಿಯಾಗಿಯೇ ಇದೆ. ಎಳೆದ ಪಟ್ಟಿ (ಸ್ಲೈಡರ್) ತಪ್ಪು, ಅಷ್ಟೇ.

ನಿಮ್ಮ ಫೋಟೋದ ಪ್ರತಿ ಚುಕ್ಕೆಗೂ ಮೂರು ಅಂಕಿ ಇರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು, ಸೊನ್ನೆಯಿಂದ 255ರ ತನಕ. ಅಂಚಿನ ಕೆಂಪು 200, 30, 30 ಇದೆ ಎಂದಿಟ್ಟುಕೊಳ್ಳಿ. ಒಡಲಿನ ಹಸಿರು 30, 200, 30. ಸ್ಯಾಚುರೇಶನ್ ಸೊನ್ನೆ ಮಾಡಿದಾಗ ಕೆಲವು ಸಾಫ್ಟ್‌ವೇರ್‌ಗಳು ಬಹಳ ಸೋಮಾರಿ ಲೆಕ್ಕ ಹಾಕುತ್ತವೆ. ಮೂರರಲ್ಲಿ ಅತಿ ದೊಡ್ಡದು, ಅತಿ ಚಿಕ್ಕದು ಎರಡನ್ನೂ ಕೂಡಿಸಿ ಅರ್ಧ ಮಾಡಿಬಿಡುತ್ತವೆ. ಕೆಂಪಿಗೂ 115, ಹಸಿರಿಗೂ 115. ನಿಮ್ಮ ಅಂಚು ಮಾಯವಾದದ್ದು ಇಲ್ಲಿ.

ನಮ್ಮ ಕಣ್ಣು ಹಾಗೆ ನೋಡುವುದಿಲ್ಲ. ಹಸಿರು ನಮಗೆ ಜಾಸ್ತಿ ಬೆಳಕಾಗಿ ಕಾಣುತ್ತದೆ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ತೀರಾ ಕಡಿಮೆ. ಟೀವಿ ಕಾಲದಿಂದ ಬಂದ ಒಂದು ಲೆಕ್ಕದಲ್ಲಿ ಹಸಿರಿಗೆ 59, ಕೆಂಪಿಗೆ 30, ನೀಲಿಗೆ 11 ಪಾಲು. ಆ ಲೆಕ್ಕ ಹಿಡಿದರೆ ಅದೇ ಕೆಂಪು ಅಂಚು ಸುಮಾರು 81ಕ್ಕೆ, ಹಸಿರು ಒಡಲು 130ಕ್ಕೆ ಬರುತ್ತದೆ. ಅಂಚು ಗಾಢ, ಒಡಲು ತಿಳಿ. ಸೀರೆ ಮತ್ತೆ ಸೀರೆಯಾಯಿತು.

ಈ ಪಾಲು ಎಷ್ಟಿರಬೇಕು ಎಂದು ನೀವೇ ನಿರ್ಧರಿಸಬಹುದು. ಅದಕ್ಕೆಂದೇ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸ್ ಇದೆ, ಎಂಟು ಬಣ್ಣಕ್ಕೆ ಎಂಟು ಪಟ್ಟಿ. ಬಿಟ್ಟಿಯಾಗಿ ಸಿಗುವ ಗಿಂಪ್‌ನಲ್ಲಿ ಮೋನೋ ಮಿಕ್ಸರ್ ಇದೆ. ಹೆಸರು ಏನೇ ಇರಲಿ, ಕೆಲಸ ಒಂದೇ: ಯಾವ ಬಣ್ಣ ಯಾವ ಬೂದು ಆಗಬೇಕು ಎಂದು ಹೇಳುವುದು. ಬಣ್ಣ ತೆಗೆಯುವುದಲ್ಲ ಇದು. ಬಣ್ಣವನ್ನು ಬೂದಿಗೆ ತರ್ಜುಮೆ ಮಾಡುವುದು.

ನಾನೂ ಇಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಹೊಸದಾಗಿ ಕಂಪ್ಯೂಟರ್ ತಂದಿದ್ದ ಕಾಲ. ಮದುಮಗಳ ಫೋಟೋ ಒಂದನ್ನು 'ರೆಡ್ ಫಿಲ್ಟರ್' ಪ್ರಿಸೆಟ್ (ಮೊದಲೇ ಸಿದ್ಧವಿರುವ ಸೆಟ್ಟಿಂಗ್) ಒತ್ತಿ ಕಪ್ಪು ಬಿಳುಪು ಮಾಡಿದೆ. ಚರ್ಮ ಹಾಲಿನ ಹಾಗೆ ನುಣ್ಣಗೆ ಬಂತು, ಮೊಡವೆ ಕಲೆ ಒಂದೂ ಇಲ್ಲ. ಖುಷಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಟ್ಟೆ. ಮದುಮಗಳ ಅಜ್ಜಿ ಕನ್ನಡಕ ಏರಿಸಿ ನೋಡಿ, 'ಏನಪ್ಪಾ ಇದು, ಹಣೆ ಬೋಳು ಮಾಡಿದ್ದೀಯ?' ಎಂದರು. ನೋಡುತ್ತೇನೆ, ಕುಂಕುಮವೇ ಇಲ್ಲ! ಹೊಸದಾಗಿ ಮದುವೆಯಾದವಳ ಫೋಟೋ ಅದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆದದ್ದು ಇಷ್ಟೇ. ಚರ್ಮದಲ್ಲಿ ಕೆಂಪು 180ರ ಹತ್ತಿರ ಇತ್ತು, ಕುಂಕುಮದಲ್ಲಿ 170. ಬರೀ ಕೆಂಪನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಎರಡೂ ಒಂದೇ ಬೂದು. ಹಸಿರಲ್ಲಿ ನೋಡಿದ್ದರೆ ಚರ್ಮ 130, ಕುಂಕುಮ 25. ಅಂದರೆ ದುಂಡಗೆ, ಕಪ್ಪಗೆ, ಎದ್ದು ಕಾಣುತ್ತಿತ್ತು. ಅಜ್ಜಿಯ ಮದುವೆಯ ಫೋಟೋದಲ್ಲಿ ಕುಂಕುಮ ಅಷ್ಟು ಕಪ್ಪಗೆ ಇದ್ದದ್ದಕ್ಕೂ ಇದೇ ನಂಟು. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಾಣದ್ದೆಲ್ಲ ಕಪ್ಪು. ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬ್ ಹಾಕಿಕೊಂಡು ಪ್ರಿಂಟ್ ಮಾಡುತ್ತಿದ್ದದ್ದೂ ಕಾಗದಕ್ಕೆ ಕೆಂಪು ಕಾಣುವುದಿಲ್ಲ ಎಂಬ ಧೈರ್ಯದ ಮೇಲೆಯೇ.

ನಿಮ್ಮ ಫೋಟೋದಲ್ಲಿ ಕೆಂಪು ಪಟ್ಟಿ ಸ್ವಲ್ಪ ಕೆಳಗೆ, ಹಸಿರು ಸ್ವಲ್ಪ ಮೇಲೆ, ಚರ್ಮಕ್ಕೆ ಕಿತ್ತಳೆ ಪಟ್ಟಿ ಒಂದು ಚೂರು ಮೇಲೆ ಮಾಡಿ ನೋಡಿ. ಅಂಚು, ಕುಂಕುಮ, ಮುಖ ಮೂರೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಂದು ಮಾತು, ಅರಿಶಿನದ ಕೈ ಕಾಲು ಇರುವ ಫೋಟೋದಲ್ಲಿ ಹಳದಿ ಪಟ್ಟಿಯನ್ನು ಹುಷಾರಾಗಿ ಮುಟ್ಟಿ. ಜಾಸ್ತಿ ಮೇಲೆ ಹೋದರೆ ಕೈಗೆ ಸುಣ್ಣ ಬಳಿದ ಹಾಗಾಗುತ್ತದೆ.

ಪ್ರಶ್ನೆ: ಕ್ಯಾಮೆರಾದಲ್ಲೇ ಮೊನೊಕ್ರೋಮ್ ಮೋಡ್ ಇದೆಯಲ್ಲ, ಅದರಲ್ಲೇ ತೆಗೆದರೆ ಈ ರಗಳೆ ಎಲ್ಲ ಯಾಕೆ? (ತುಮಕೂರು)

ತೆಗೆಯಿರಿ, ಆದರೆ ರಾ ಫೈಲ್ ಜೊತೆಗೆ. ರಾ ಎಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಬಣ್ಣ ಸಮೇತ ಹಾಗೇ ಇಟ್ಟುಕೊಂಡ ಕಚ್ಚಾ ಫೈಲ್. ಮೊನೊಕ್ರೋಮ್ ಮೋಡಿನ ದೊಡ್ಡ ಲಾಭ ಎಂದರೆ ಹಿಂದಿನ ಪರದೆಯಲ್ಲಿ ಬಣ್ಣ ಇಲ್ಲದೆ ಕಾಣುವುದು. ಕೆಂಪು ಬಣ್ಣ ಕಣ್ಣು ಸೆಳೆಯುವುದಿಲ್ಲ, ನೆರಳು ಬೆಳಕು ಹೇಗೆ ಬಿದ್ದಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಆದರೆ ಬರೀ ಜೆಪೆಗ್ (ಮಾಮೂಲಿ ಫೋಟೋ ಫೈಲ್) ಇಟ್ಟುಕೊಂಡರೆ ಬಣ್ಣ ಹೋಯಿತು ಎಂದರೆ ಹೋಯಿತು. ಮೇಲೆ ಹೇಳಿದ ಪಟ್ಟಿಗಳು ಯಾವುದೂ ಕೆಲಸ ಮಾಡುವುದಿಲ್ಲ, ಕುಂಕುಮದ ಪಂಚಾಯಿತಿ ಕ್ಯಾಮೆರಾನೇ ಮಾಡಿ ಮುಗಿಸಿರುತ್ತದೆ. ಉಳಿಯುವುದು 256 ಮೆಟ್ಟಿಲು ಬೂದು ಮಾತ್ರ. ರಾ ಫೈಲ್ 12 ಬಿಟ್ ಇದ್ದರೆ 4,096 ಮೆಟ್ಟಿಲು, 14 ಬಿಟ್ ಇದ್ದರೆ 16,384. ನೆರಳನ್ನು ಎತ್ತುವಾಗ, ಆಕಾಶವನ್ನು ಇಳಿಸುವಾಗ ಈ ಮೆಟ್ಟಿಲುಗಳೇ ಕೈ ಹಿಡಿಯುವುದು. ರಾ ಜೊತೆ ಜೆಪೆಗ್ ಎರಡೂ ಬರುವ ಹಾಗೆ ಇಟ್ಟುಕೊಳ್ಳಿ. ಕಾರ್ಡ್ ಬೇಗ ತುಂಬುತ್ತದೆ, ತುಂಬಲಿ ಬಿಡಿ.

ಪ್ರಶ್ನೆ: ಫೋಟೋ ಪೂರ್ತಿ ಕಪ್ಪು ಬಿಳುಪು ಮಾಡಿ ಕೈಯಲ್ಲಿರುವ ಗುಲಾಬಿ ಮಾತ್ರ ಕೆಂಪಗೆ ಬಿಡುವುದು ಹೇಗೆ? (ಬೆಂಗಳೂರು)

ಬೇಡ.

ಪ್ರಶ್ನೆ: ಚಿತ್ರದುರ್ಗದ ಕೋಟೆ ಮೇಲೆ ತೆಗೆದ ಫೋಟೋ. ಆಕಾಶ ಕಪ್ಪಾಗಿ ಬರಲಿ ಎಂದು ನೀಲಿ ಪಟ್ಟಿಯನ್ನು ಪೂರ್ತಿ ಕೆಳಗೆ ಎಳೆದೆ. ಆಕಾಶದ ತುಂಬ ಚೌಕ ಚೌಕ ಕಲೆ, ಬಂಡೆಯ ಅಂಚಿಗೆ ಬಿಳಿ ಗೆರೆ. ಫೋನ್‌ನಲ್ಲಿ ತೆಗೆದದ್ದು. (ಹೊಸದುರ್ಗ)

ಇದು ಎಲ್ಲರಿಗೂ ಆಗುತ್ತದೆ. ನೀಲಿ ಪಟ್ಟಿ ನೋಡಿದ ತಕ್ಷಣ ಕೈ ಸುಮ್ಮನಿರುವುದಿಲ್ಲ ಅಲ್ವಾ?

ಜೆಪೆಗ್ ಫೈಲ್ ಜಾಗ ಉಳಿಸಲು ಒಂದು ಉಪಾಯ ಮಾಡುತ್ತದೆ. ಬೆಳಕಿನ ವಿವರವನ್ನು ಚುಕ್ಕೆ ಚುಕ್ಕೆಗೂ ಇಟ್ಟುಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದರಂತೆ ಒರಟಾಗಿ ಇಟ್ಟುಕೊಳ್ಳುತ್ತದೆ. ಅದರ ಮೇಲೆ ಇಡೀ ಚಿತ್ರವನ್ನು 8ಕ್ಕೆ 8 ಚುಕ್ಕೆಯ ಚೌಕಗಳಾಗಿ ಕತ್ತರಿಸಿ ಒತ್ತುತ್ತದೆ. ಬಣ್ಣದ ಫೋಟೋದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನೀಲಿ ಪಟ್ಟಿ ಕೆಲಸ ಮಾಡುವುದೇ ಬಣ್ಣ ನೋಡಿಕೊಂಡು. ಆ ಒರಟು ಬಣ್ಣದ ಚೌಕಗಳನ್ನು ನೀವು ಎಳೆದು ತಂದು ಬೆಳಕಿನಲ್ಲಿ ನಿಲ್ಲಿಸಿದಿರಿ. ಬಂಡೆ ಮತ್ತು ಆಕಾಶ ಸೇರುವ ಕಡೆ ಬಣ್ಣದ ಗಡಿ ಸರಿಯಾಗಿ ಕೂತಿರುವುದಿಲ್ಲ. ಅಲ್ಲಿ ಉಳಿದ ಸಣ್ಣ ಪಟ್ಟೆಗೆ ಕಪ್ಪು ತಲುಪುವುದಿಲ್ಲ, ಅದೇ ನಿಮ್ಮ ಬಿಳಿ ಗೆರೆ.

ಪರಿಹಾರ ಹೇಳುತ್ತೇನೆ. ನಿಮ್ಮ ಫೋನ್ ರಾ ಕೊಡುತ್ತದೆಯೇ ನೋಡಿ, ಈಗ ಎಷ್ಟೋ ಫೋನ್‌ಗಳು ಕೊಡುತ್ತವೆ. ಇಲ್ಲದಿದ್ದರೆ ನೀಲಿಯನ್ನು ಮೂರರಲ್ಲೊಂದು ಪಾಲಿಗಿಂತ ಕೆಳಗೆ ಎಳೆಯಬೇಡಿ, ಜೊತೆಗೆ ಪಕ್ಕದ ಆಕ್ವಾ (ಹಸಿರು ಮಿಶ್ರಿತ ನೀಲಿ) ಪಟ್ಟಿಯನ್ನೂ ಅಷ್ಟೇ ಇಳಿಸಿ. ದಿಗಂತದ ಹತ್ತಿರ ಆಕಾಶ ಶುದ್ಧ ನೀಲಿ ಇರುವುದಿಲ್ಲ, ನೀಲಿ ಒಂದನ್ನೇ ಇಳಿಸಿದರೆ ಮೇಲೆ ಕಪ್ಪು ಕೆಳಗೆ ಬಿಳಿ ಆಗಿ ಮಧ್ಯೆ ಪಟ್ಟೆ ಬೀಳುತ್ತದೆ. ಇನ್ನೂ ಕಪ್ಪು ಬೇಕೆನಿಸಿದರೆ ಬಣ್ಣದ ಪಟ್ಟಿ ಬಿಡಿ, ಗ್ರೇಡಿಯಂಟ್ (ಮೇಲಿಂದ ಕೆಳಕ್ಕೆ ನಿಧಾನವಾಗಿ ತೆಳುವಾಗುವ ಪರಿಣಾಮ) ಹಾಕಿ ಮೇಲಿನಿಂದ ಎಕ್ಸ್‌ಪೋಶರ್ ಇಳಿಸಿ. ಅದು ಬಣ್ಣ ನೋಡುವುದಿಲ್ಲ, ಹಾಗಾಗಿ ಚೌಕವೂ ಏಳುವುದಿಲ್ಲ. ಕೊನೆಗೆ ಸ್ವಲ್ಪ ಗ್ರೇನ್ (ಫಿಲ್ಮಿನ ಹಾಗೆ ಸಣ್ಣ ಕಾಳು) ಉದುರಿಸಿ, ಅಳಿದುಳಿದ ಕಲೆ ಅದರಲ್ಲಿ ಮುಚ್ಚಿಹೋಗುತ್ತದೆ. ಮೋಸ ಅನ್ನಬೇಡಿ, ಎಲ್ಲರೂ ಮಾಡುವುದೇ.

ಫಿಲ್ಮ್ ಕಾಲದ ಕೆಂಪು ಗಾಜಿನ ಫಿಲ್ಟರ್ ಮನೆಯಲ್ಲಿದೆ, ಅದನ್ನು ಡಿಜಿಟಲ್ ಕ್ಯಾಮೆರಾಗೆ ಹಾಕಲೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಹಾಕಬೇಡಿ. ನಿಮ್ಮ ಸೆನ್ಸರಿನ (ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಭಾಗದ) ಮೇಲೆ ಕೆಂಪು, ಹಸಿರು, ನೀಲಿ ಗಾಜಿನ ಚೂರುಗಳ ಒಂದು ಜಾಲರಿ ಇದೆ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಅವರ ಉಪಾಯ ಅದು, 1976ರಲ್ಲಿ ಪೇಟೆಂಟ್ ಆಯಿತು. ಅದರಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಮುಂದೆ ಕೆಂಪು ಗಾಜು ಇಟ್ಟರೆ ನಾಲ್ಕರಲ್ಲಿ ಒಂದು ಚುಕ್ಕೆಗೆ ಮಾತ್ರ ಸರಿಯಾಗಿ ಬೆಳಕು ಸಿಗುತ್ತದೆ, ಉಳಿದವು ಹೆಚ್ಚುಕಡಿಮೆ ಕತ್ತಲಲ್ಲಿ ಕೂತಿರುತ್ತವೆ.

ಪ್ರಶ್ನೆ: ಆಗುಂಬೆಯಲ್ಲಿ ಮಳೆಗಾಲದಲ್ಲಿ ತೆಗೆದ ಫೋಟೋ ಎಷ್ಟು ಮಾಡಿದರೂ ಸಪ್ಪೆ. ನೀಲಿ ಎಳೆದರೂ ಏನೂ ಆಗುವುದಿಲ್ಲ. (ತೀರ್ಥಹಳ್ಳಿ)

ಆಷಾಢದ ಆಕಾಶದಲ್ಲಿ ನೀಲಿ ಎಲ್ಲಿಂದ ಬರಬೇಕು? ಇಲ್ಲದ ಬಣ್ಣವನ್ನು ಎಳೆದರೆ ಏನೂ ಆಗದು. ಅಲ್ಲಿ ಇರುವ ಬಣ್ಣ ಹಸಿರು, ಹಳದಿ. ಅಡಿಕೆ ಸೋಗೆ, ಗದ್ದೆಯ ಸಸಿ, ಪಾಚಿ ಎಲ್ಲ ನೋಡಲು ಹಸಿರಾದರೂ ಸಾಫ್ಟ್‌ವೇರ್ ಅದರಲ್ಲಿ ಬಹುಪಾಲನ್ನು ಹಳದಿ ಎಂದೇ ಓದುತ್ತದೆ. ಹಾಗಾಗಿ ಹಳದಿ ಪಟ್ಟಿಯನ್ನು ಎತ್ತಿ ನೋಡಿ, ಎಳೆಯ ಎಲೆಗಳು ಎದ್ದು ಬರುತ್ತವೆ, ಹಿಂದಿನ ಕಾಡು ಹಿಂದೆಯೇ ಉಳಿಯುತ್ತದೆ.

ಆಮೇಲೆ ಕರ್ವ್ಸ್, ಅಂದರೆ ಕಪ್ಪು, ಬೂದು, ಬಿಳಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗೆರೆ. ಸಪ್ಪೆ ಎನಿಸಿದರೆ ಎಲ್ಲರೂ ಕಾಂಟ್ರಾಸ್ಟ್ ಪಟ್ಟಿಯನ್ನು ಬಲಕ್ಕೆ ತಳ್ಳುತ್ತಾರೆ, ಮಂಜು ಸುಣ್ಣದ ಗೋಡೆಯಾಗುತ್ತದೆ. ಮಂಜಿನ ಫೋಟೋದಲ್ಲಿ ಕಡುಕಪ್ಪು ಒಂದೇ ಕಡೆ ಇದ್ದರೆ ಸಾಕು. ಹತ್ತಿರದ ಒಂದು ಒದ್ದೆ ಮರದ ಕಾಂಡ, ಕೊಡೆ ಹಿಡಿದು ನಿಂತ ಒಬ್ಬ ಮನುಷ್ಯ, ಅಷ್ಟು. ಉಳಿದದ್ದೆಲ್ಲ ತಿಳಿಬೂದಿನಲ್ಲೇ ಇರಲಿ. ಆ ಒಂದು ಕಪ್ಪಿನ ದೆಸೆಯಿಂದಲೇ ಮಂಜು ಮಂಜಾಗಿ ಕಾಣುವುದು. ನಿಮ್ಮ ಫೋಟೋದಲ್ಲಿ ಅಂಥದ್ದು ಯಾವುದೂ ಇಲ್ಲ ಎಂದಾದರೆ, ಬೇಜಾರಾಗಬೇಡಿ, ಅದನ್ನು ಬಣ್ಣದಲ್ಲೇ ಬಿಡಿ. ಮಲೆನಾಡಿನ ಮಳೆಗಾಲದ ಹಸಿರನ್ನು ತೆಗೆದುಹಾಕಲು ಒಂದು ಒಳ್ಳೆಯ ಕಾರಣವಾದರೂ ಬೇಕು.

ಪ್ರಶ್ನೆ: ಟಿ.ಎಸ್. ಸತ್ಯನ್ ಅವರ ಫೋಟೋಗಳ ಥರ ಬರಬೇಕು. ಯಾವ ಪ್ರಿಸೆಟ್ ಹಾಕಲಿ? (ಮೈಸೂರು)

ಮೈಸೂರಿನವರೇ ಕೇಳಿದ್ದು ನೋಡಿ ನಗು ಬಂತು. ಪತ್ರಿಕಾ ಛಾಯಾಗ್ರಾಹಕ ಸತ್ಯನ್ ನಿಮ್ಮೂರಿನವರೇ, 1923ರಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು, 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನರು, ಮಕ್ಕಳು ಇರುವ ರೀತಿ ನೋಡಿ. ಹತ್ತಿರ ಹೋಗಿ, ಕಾದು, ಎದುರಿದ್ದವರು ಕ್ಯಾಮೆರಾ ಮರೆತ ಮೇಲೆ ತೆಗೆದ ಹಾಗಿವೆ. ಅದು ಪ್ರಿಸೆಟ್‌ನಲ್ಲಿ ಬರುವುದಿಲ್ಲ.

ಆದರೂ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಆ ಕಾಲದ ಪ್ರಿಂಟುಗಳಲ್ಲಿ ಕಣ್ಣು ನೇರ ಮುಖಕ್ಕೆ ಹೋಗುತ್ತದಲ್ಲ, ಅದರ ಹಿಂದೆ ಒಂದು ಕೈಕೆಲಸ ಇತ್ತು. ನಮ್ಮ ಸ್ಟುಡಿಯೋದಲ್ಲಿ ಸೈಕಲ್ ಚಕ್ರದ ಕಡ್ಡಿಗೆ ಒಂದು ರೂಪಾಯಿ ನಾಣ್ಯದಷ್ಟು ರಟ್ಟಿನ ಚೂರು ಅಂಟಿಸಿಟ್ಟಿದ್ದೆವು. ಎನ್‌ಲಾರ್ಜರ್ (ನೆಗೆಟಿವನ್ನು ಹಿಗ್ಗಿಸಿ ಪ್ರಿಂಟ್ ಮಾಡುವ ಯಂತ್ರ) ಬೆಳಕು ಕಾಗದದ ಮೇಲೆ ಬೀಳುವಾಗ ಆ ರಟ್ಟನ್ನು ಮುಖದ ಮೇಲೆ ಎರಡು ಮೂರು ಸೆಕೆಂಡ್ ಅಲ್ಲಾಡಿಸುತ್ತಾ ಹಿಡಿದರೆ ಮುಖ ತಿಳಿಯಾಗುತ್ತಿತ್ತು. ಅದು ಡಾಡ್ಜ್. ಎರಡೂ ಕೈಯಿಂದ ನಡುವನ್ನು ಮರೆ ಮಾಡಿ ಮೂಲೆಗಳಿಗೆ ಜಾಸ್ತಿ ಬೆಳಕು ಬಿಟ್ಟರೆ ಅಲ್ಲಿ ಕಪ್ಪಾಗುತ್ತಿತ್ತು. ಅದು ಬರ್ನ್. ಕೈ ಒಂದು ಕ್ಷಣ ನಿಂತರೂ ರಟ್ಟಿನ ಗುರುತು ಬೀಳುತ್ತಿತ್ತು, ಕಾಗದ ದಂಡ, ಯಜಮಾನರ ಬೈಗುಳ ಬೇರೆ.

ಈಗ ಅದೇ ಕೆಲಸಕ್ಕೆ ಸಾಫ್ಟ್‌ವೇರ್‌ನಲ್ಲಿ ಹೊಸ ಲೇಯರ್ (ಫೋಟೋ ಮೇಲಿನ ಪದರ) ತೆರೆದು, 50 ಪರ್ಸೆಂಟ್ ಬೂದು ತುಂಬಿ, ಸಾಫ್ಟ್ ಲೈಟ್ ಮೋಡ್‌ಗೆ ಹಾಕಿ. ಆ ಬೂದು ಕಾಣುವುದಿಲ್ಲ, ಮಾಯವಾಗುತ್ತದೆ. ಅದರ ಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಬಿಳಿ ಬಳಿದರೆ ಅಲ್ಲಿ ಬೆಳಕು, ಕಪ್ಪು ಬಳಿದರೆ ನೆರಳು. ಬ್ರಷ್ಷಿನ ಒಪಾಸಿಟಿ (ದಟ್ಟತೆ) 5ರಿಂದ 10 ಪರ್ಸೆಂಟ್ ಒಳಗೆ ಇರಲಿ, ಹತ್ತು ಸಲ ಬಳಿಯುವ ತಾಳ್ಮೆ ಇರಲಿ. ಮುಖಕ್ಕೆ, ಕೈಗಳಿಗೆ ಒಂದಿಷ್ಟು ಬೆಳಕು. ಹಿಂದೆ ಬಿಳಿ ಅಂಗಿ ತೊಟ್ಟು ನಿಂತವರಿದ್ದರೆ ಅವರಿಗೆ ನೆರಳು. ಮುಗಿಸಿ, ಟೀ ಕುಡಿದು ಬಂದು ನೋಡಿ. 'ಏನೋ ಮಾಡಿದ್ದಾರೆ' ಎಂದು ಗೊತ್ತಾದರೆ ಅರ್ಧಕ್ಕೆ ಇಳಿಸಿ.

ಫೋನ್ ಒಂದೇ ಇದೆ ಎನ್ನುವವರಿಗೆ ಫೋನಿನ ಆ್ಯಪ್ ಸ್ನ್ಯಾಪ್‌ಸೀಡ್ ಸಾಕು. ಅದರ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರ್ ಇವೆ. ಬೆರಳಲ್ಲೇ ಡಾಡ್ಜ್, ಬರ್ನ್ ಮಾಡಬಹುದು.

ಪ್ರಶ್ನೆ: ಮಗಳ ಮೈಬಣ್ಣ ಸ್ವಲ್ಪ ಕಪ್ಪು. ಕಪ್ಪು ಬಿಳುಪಿನಲ್ಲಿ ಇನ್ನೂ ಕಪ್ಪಾಗಿ ಕಾಣುತ್ತಾಳೆ. ಕಿತ್ತಳೆ ಪಟ್ಟಿ ಎಷ್ಟು ಎತ್ತಬೇಕು? (ಊರು ಬರೆದಿಲ್ಲ)

ಅಮ್ಮಾ, ಪಟ್ಟಿ ಎತ್ತುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮಗಳನ್ನು ಕಿಟಕಿ ಪಕ್ಕ ಕೂರಿಸಿ, ಬೆಳಕು ಒಂದು ಬದಿಯಿಂದ ಬರಲಿ, ಇನ್ನೊಂದು ಬದಿಗೆ ಯಾರಾದರೂ ಬಿಳಿ ಪಂಚೆ ಹಿಡಿದು ನಿಲ್ಲಲಿ. ಕೆನ್ನೆ, ಮೂಗು, ಹಣೆಯ ಮೇಲೆ ಹೊಳಪು ಕೂರುತ್ತದೆ. ಕಪ್ಪು ಮೈಬಣ್ಣದಲ್ಲಿ ಈ ಹೊಳಪು ಬರುವ ಚಂದ ಬೆಳ್ಳಗಿನ ಮೈಬಣ್ಣದಲ್ಲಿ ಬರುವುದೇ ಇಲ್ಲ, ಸ್ಟುಡಿಯೋದಲ್ಲಿ ಇಷ್ಟು ವರ್ಷ ನೋಡಿ ಹೇಳುತ್ತಿದ್ದೇನೆ. ಕಿತ್ತಳೆ ಪಟ್ಟಿ ಜಾಸ್ತಿ ಎತ್ತಿದರೆ ಮೊದಲು ಹೋಗುವುದೇ ಆ ಹೊಳಪು, ಮುಖ ಚಪ್ಪಟೆ ಆಗುತ್ತದೆ. ನಮ್ಮ ಸ್ಟುಡಿಯೋಗಳು ಎಲ್ಲರನ್ನೂ ಬೆಳ್ಳಗೆ ಮಾಡಿ ಮಾಡಿ ಕೊಟ್ಟು ಈ ಚಾಳಿ ಹತ್ತಿಸಿದ್ದೇವೆ, ಅದರಲ್ಲಿ ನನ್ನ ಪಾಲೂ ಇದೆ. ಗೋಡೆ ಬೆಳ್ಳಗಿದ್ದು ಮುಖ ಕತ್ತಲಾಗಿದ್ದರೆ ಗೋಡೆಯನ್ನು ಇಳಿಸಿ. ಮುಖವನ್ನು ಬಿಡಿ.

ಪ್ರಶ್ನೆ: ಪರದೆಯಲ್ಲಿ ಚೆನ್ನಾಗಿರುವ ಫೋಟೋ ಪ್ರಿಂಟ್ ಹಾಕಿಸಿದರೆ ಕಪ್ಪಾಗಿ, ಅದೂ ಸ್ವಲ್ಪ ಹಸಿರು ಹೊಡೆಯುತ್ತದೆ. (ಹುಬ್ಬಳ್ಳಿ)

ಎರಡು ಬೇರೆ ಬೇರೆ ಕಾಯಿಲೆ. ಕಪ್ಪಾಗುವುದಕ್ಕೆ ನಿಮ್ಮ ಪರದೆಯ ಬ್ರೈಟ್‌ನೆಸ್ ಕಾರಣ. ಪರದೆ ತಾನೇ ಬೆಳಕು ಕೊಡುತ್ತದೆ, ಕಾಗದ ಕೊಡುವುದಿಲ್ಲ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬೆಳಕಿಗೆ ಬರುವ ತನಕ ಬ್ರೈಟ್‌ನೆಸ್ ಇಳಿಸಿ ಕೆಲಸ ಮಾಡಿ.

ಹಸಿರಿಗೆ ಕಾರಣ ಲ್ಯಾಬಿನ ಕಾಗದ. ಅದು ಬಣ್ಣದ ಕಾಗದ, ಬೂದನ್ನೂ ಮೂರು ಬಣ್ಣ ಬೆರೆಸಿಯೇ ಮಾಡುತ್ತದೆ, ಒಂದು ಚೂರು ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ. ಫೈಲನ್ನು ಬರೀ ಬೂದು ಇರುವ ಗ್ರೇಸ್ಕೇಲ್‌ನಲ್ಲಿ ಕೊಡಬೇಡಿ, ಎಸ್‌ಆರ್‌ಜಿಬಿ (ಮಾಮೂಲಿ ಬಣ್ಣದ ಫೈಲಿನ ರೂಪ) ಮಾಡಿ ಕೊಡಿ. ಚೂರೇ ಚೂರು ಕಂದು ಛಾಯೆ ನೀವೇ ಹಾಕಿಬಿಟ್ಟರೆ ಹಸಿರು ಅದರಡಿ ಮುಳುಗುತ್ತದೆ. ದೊಡ್ಡದು ಹಾಕಿಸುವ ಮೊದಲು ಅದೇ ಫೋಟೋದ ಒಂದು ತುಂಡು 4-6ರಲ್ಲಿ ಹಾಕಿಸಿ ನೋಡಿ. 12-18 ಪ್ರಿಂಟಿಗೆ ಇಂಚಿಗೆ 300 ಚುಕ್ಕೆಯಂತೆ ಸುಮಾರು 1.94 ಕೋಟಿ ಪಿಕ್ಸೆಲ್ ಬೇಕು, ಗೋಡೆಗೆ ಹಾಕಿ ದೂರದಿಂದ ನೋಡುವುದಾದರೆ 200 ಚುಕ್ಕೆಯೂ ನಡೆಯುತ್ತದೆ.

ಪ್ರಶ್ನೆ: ಕಪ್ಪು ಬಿಳುಪು ಮಾತ್ರ ತೆಗೆಯುವ ಡಿಜಿಟಲ್ ಕ್ಯಾಮೆರಾ ಬಂದಿದೆಯಂತೆ. ತಗೊಳ್ಳಬಹುದಾ? (ದುಬೈ)

2012ರಲ್ಲೇ ಲೈಕಾ ತಂದಿತ್ತು, 2023ರಲ್ಲಿ ಪೆಂಟಾಕ್ಸ್ ಕೂಡ. ಮೇಲೆ ಹೇಳಿದ ಬಣ್ಣದ ಗಾಜಿನ ಜಾಲರಿ ಇವುಗಳಲ್ಲಿ ಇರುವುದಿಲ್ಲ, ಬೆಳಕೆಲ್ಲ ಸೆನ್ಸರಿಗೆ ಬೀಳುತ್ತದೆ. ವಿವರ ಚೂಪು, ಕತ್ತಲಲ್ಲಿ ನಾಯ್ಸ್ (ಕಾಳು ಕಾಳು ಕಲೆ) ಕಡಿಮೆ. ಆದರೆ ಬಣ್ಣದ ಪಟ್ಟಿಗಳ ಆಟ ಇಲ್ಲ. ಕುಂಕುಮ ಕಪ್ಪಾಗಬೇಕೋ ಮಾಯವಾಗಬೇಕೋ ಎಂದು ಕ್ಲಿಕ್ ಮಾಡುವ ಮೊದಲೇ ಗಾಜಿನ ಫಿಲ್ಟರ್ ಹಾಕಿ ನಿರ್ಧರಿಸಬೇಕು. ದುಡ್ಡಿದ್ದರೆ ತಗೊಳ್ಳಿ, ಒಂದು ದಿನ ನನಗೂ ಕೊಡಿ.

ಪ್ರಶ್ನೆ: ತಾತನ ಹಳೆಯ ಫೋಟೋ ಹಳದಿ ತಿರುಗಿದೆ, ಒಂದು ಮೂಲೆಯಲ್ಲಿ ಕಾಫಿ ಬಿದ್ದ ಕಲೆ. ಸ್ಕ್ಯಾನ್ ಮಾಡಿ ಸರಿ ಮಾಡಬಹುದಾ? (ಹಾಸನ)

ಮಾಡಬಹುದು. ಸ್ಕ್ಯಾನರಿನಲ್ಲಿ ಗ್ರೇಸ್ಕೇಲ್ ಒತ್ತಬೇಡಿ, ಎಲ್ಲರೂ ಅಲ್ಲೇ ಎಡವುವುದು. ಫೋಟೋ ಕಪ್ಪು ಬಿಳುಪಾದರೂ ಕಲೆಗೆ ಬಣ್ಣ ಇದೆಯಲ್ಲ! ಬಣ್ಣದಲ್ಲೇ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಆಮೇಲೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಹಳದಿ, ಕಂದು ಕಲೆಗಳು ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಕಾಣುತ್ತವೆ, ಕೆಂಪಿನಲ್ಲಿ ಹೆಚ್ಚುಕಡಿಮೆ ಕರಗಿಹೋಗುತ್ತವೆ. ಅಜ್ಜಿಯ ಮುಂದೆ ನನ್ನ ಮಾನ ಕಳೆದ ಅದೇ ಕೆಂಪು ಇಲ್ಲಿ ಕಾಫಿ ಕಲೆಯನ್ನು ಅಳಿಸಿಕೊಡುತ್ತದೆ. ಕಲೆ ಇಲ್ಲದೆ ಬರೀ ಮಾಸಿಹೋದ ಫೋಟೋ ಆದರೆ ನೀಲಿ ಚಾನೆಲ್ ನೋಡಿ, ಮಾಸಿದ ಕಂದು ಗೆರೆಗಳು ಅಲ್ಲಿ ಗಟ್ಟಿಯಾಗಿ ಸಿಗುತ್ತವೆ.

ಫೋಟೋವನ್ನು ನೀರು, ಬಟ್ಟೆ ಯಾವುದರಿಂದಲೂ ಒರೆಸಲು ಹೋಗಬೇಡಿ, ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು. ಹಾಗೇ ಹಿಂಬದಿಯನ್ನೂ ಒಂದು ಸ್ಕ್ಯಾನ್ ಮಾಡಿ. ಸ್ಟುಡಿಯೋದ ಸೀಲು, ತಾರೀಖು, ಯಾರೋ ಪೆನ್ಸಿಲ್‌ನಲ್ಲಿ ಬರೆದ ಹೆಸರು ಇದ್ದರೆ ಅಲ್ಲೇ ಇರುತ್ತದೆ.